ಅಮಾವಾಸ್ಯೆಯ ಸೀನು

ಮನುಷ್ಯಕುಲದ ಚರಿತ್ರೆಯಲ್ಲಿ ರಾಜರಿಗೆ, ಯುದ್ಧಗಳಿಗೆ, ಒಪ್ಪಂದಗಳಿಗೆ ಸಂದ ಗೌರವ ಸೀನಿಗೆ ಸಂದಿಲ್ಲ. ಇದು ದೊಡ್ಡ ಅನ್ಯಾಯ. ಹೊರಟ ದಿಬ್ಬಣಗಳು ಒಂದು ಒಂಟಿ ಸೀನಿಗೆ ಬಾಗಿಲಲ್ಲೇ ನಿಂತಿವೆ. ಕುದುರಿದ ವ್ಯಾಪಾರಗಳು ಮುರಿದಿವೆ. ಪರೀಕ್ಷೆಗೆ ಹೊರಟ ಹುಡುಗರು ಮರಳಿ ಬಂದು, ಕುಳಿತು, ನೀರು ಕುಡಿದು, ತಡವಾಗಿ ಹೋಗಿ, ನಪಾಸಾಗಿ, ಸೀನಿದ ಸೋದರಮಾವನನ್ನು ಜೀವಮಾನವಿಡೀ ಬೈದಿದ್ದಾರೆ. ನಾಡಿನ ಉದ್ದಗಲಕ್ಕೂ ಜಾರಿಯಲ್ಲಿರುವ ಈ ಕಾನೂನಿಗೆ ಒಂದೇ ಒಂದು ಊರು ತಿದ್ದುಪಡಿ ತಂದುಕೊಂಡಿತ್ತು. ಆ ಊರು ಬ್ಯಾಡಗಿ.

ತಿದ್ದುಪಡಿಗೆ ಕಾರಣ ಸರಳ. ರಾಶಿ ರಾಶಿ ಒಣಮೆಣಸಿನಕಾಯಿ ಬಂದು ಬೀಳುವ ಊರಿನಲ್ಲಿ ಪ್ರತಿ ಸೀನಿಗೂ ನಿಂತು ನೀರು ಕುಡಿಯುತ್ತ ಹೋದರೆ ಯಾರೂ ಯಾವತ್ತೂ ಮನೆ ಬಿಟ್ಟು ಹೊರಡುವಂತಿರಲಿಲ್ಲ. ಆದ್ದರಿಂದ ಬ್ಯಾಡಗಿಯಲ್ಲಿ ಸೀನು ಲೆಕ್ಕಕ್ಕಿಲ್ಲ ಎಂದು ಹಿರಿಯರು ಯಾವಾಗಲೋ ಗೊತ್ತುಮಾಡಿದ್ದರು. ಈ ತಿದ್ದುಪಡಿಗೆ ಒಂದು ಉಪನಿಯಮವೂ ಇತ್ತು. ಹೊರಗಿನವರಿಗೆ ಅದು ಗೊತ್ತಿರಲಿಲ್ಲ, ಒಳಗಿನವರು ಹೇಳುವ ಗೋಜಿಗೆ ಹೋಗಿರಲಿಲ್ಲ. ಒಬ್ಬ ಮನುಷ್ಯನ ಪ್ರಾಣ ಆ ಉಪನಿಯಮದ ಮೇಲೆ ನಿಂತಿದ್ದರಿಂದ ಈ ಕಥೆಯನ್ನು ಹೇಳಬೇಕಾಗಿ ಬಂತು.

ಕಥೆ ನಡೆಯುವ ಹೊತ್ತಿಗೆ ಚಾಲಕರಿಲ್ಲದ ಲಾರಿಗಳು ತಾವೇ ಬಂದು, ತಾವೇ ಹಿಂದಕ್ಕೆ ಸರಿದು ಚೀಲ ಇಳಿಸುತ್ತಿದ್ದವು. ಕಾಯಿಯ ದರ ಗೊತ್ತುಮಾಡುವ ಟೆಂಡರು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತಿತ್ತು. ಮೆಣಸಿನಕಾಯಿ ಮಾತ್ರ ಹಳೆಯದೇ. ಅದರ ಘಾಟಿಗೆ ಯಾರೂ ಹೊಸ ಆವೃತ್ತಿ ಬರೆದಿರಲಿಲ್ಲ. ತೊಟ್ಟು ಬಿಡಿಸುವುದನ್ನು ಯಂತ್ರಕ್ಕೆ ಕಲಿಸಲು ಬಂದ ಮೂರು ಕಂಪನಿಗಳು ಸೀನುತ್ತ ವಾಪಸು ಹೋಗಿದ್ದವು; ಹೆಂಗಸರೇ ಶೆಡ್ಡುಗಳಲ್ಲಿ ಸಾಲಾಗಿ ಕುಳಿತು, ಸೆರಗು ಮೂಗಿಗೆ ಕಟ್ಟಿಕೊಂಡು ಬಿಡಿಸುತ್ತಿದ್ದರು.

ಇಂಥ ಊರಿಗೆ ಸರಕಾರ ಒಂದು ಮೂಗುತಿ ತಂದಿತು.

ನಮ್ಮ ಹಣೆ, ಕೆನ್ನೆ, ಕಣ್ಣುಗಳ ನಡುವಿನ ಮೂಳೆಯೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳಿವೆ. ಅವೇ ಸೈನಸ್ಸುಗಳು. ಅವುಗಳಲ್ಲಿ ತೀರ ಹಿಂದಿನದು ತಲೆಬುರುಡೆಯ ತಳದಲ್ಲಿದೆ. ಅದರ ಗೋಡೆ ಬಹಳ ತೆಳು, ಗೋಡೆಯ ಆಚೆಗೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ. ಪಕ್ಕದ ಮನೆಯಲ್ಲಿ ವರ್ಷಗಟ್ಟಲೆ ಜಗಳ ನಡೆದರೆ ನಮ್ಮ ಮನೆಯ ನೆಮ್ಮದಿಯೂ ಕೆಡುತ್ತದೆ. ಸೈನಸ್ಸಿನ ಉರಿಯೂತ ಬಹುಕಾಲ ಕಾಡಿದವರಿಗೆ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆಯುವುದು ತುಸು ಹೆಚ್ಚು ಎಂದು ವೈದ್ಯರು ಹಿಂದೆಯೇ ಗಮನಿಸಿದ್ದರು. ಯಾಕೆ ಎಂಬುದರ ಬಗ್ಗೆ ತಮ್ಮತಮ್ಮಲ್ಲಿ ಸಾಕಷ್ಟು ಜಗಳವನ್ನೂ ಆಡಿದ್ದರು. ಕೊನೆಗೆ ಯಾರೋ ಪತ್ತೆಹಚ್ಚಿದ್ದು ಇದು: ಹಳೆಯ ಉರಿಯೂತ ಕೆಲವು ಅಣುಗಳನ್ನು ಹುಟ್ಟಿಸುತ್ತದೆ, ಅವು ರಕ್ತನಾಳದ ಒಳಗೋಡೆಯನ್ನು ಅಂಟಂಟಾಗಿಸುತ್ತವೆ, ಅಂಟಿದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುವ ವಾರಗಳ ಮೊದಲೇ ಆ ಅಣುಗಳು ಉಸಿರಿನಲ್ಲಿ ಕಾಣಿಸಿಕೊಳ್ಳುತ್ತವೆ. ಉಸಿರನ್ನು ಹಗಲಿರುಳು ಮೂಸುತ್ತ ಕೂರಲು ಮೂಗಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಹೀಗೆ ಹುಟ್ಟಿತು ಮೂಗುತಿ. ಅದರ ಹರಳಿನ ಹಿಂದೆ ಸಾಸಿವೆ ಕಾಳಿನಷ್ಟು ಯಂತ್ರ. ಅಪಾಯವಿಲ್ಲದವರ ಫೋನಿನಲ್ಲಿ ಹಸಿರು ದೀಪ, ಇದ್ದವರಿಗೆ ಕೆಂಪು.

ಗಂಡಸರಿಗೆಂದು ಮೂಗಿನೊಳಗೆ ಸಿಕ್ಕಿಸುವ ಕ್ಲಿಪ್ಪನ್ನೂ ಮಾಡಿದ್ದರು. ಬ್ಯಾಡಗಿಯ ಸೀನಿನ ರಭಸ ಅದನ್ನು ಮಾಡಿದವರಿಗೆ ಗೊತ್ತಿರಲಿಲ್ಲ; ಕ್ಲಿಪ್ಪುಗಳು ನಿಲ್ಲದೆ ಗಂಡಸರಿಗೂ ಮೂಗುತಿಯೇ ಗತಿಯಾಯಿತು. ಒಂದು ಕ್ಲಿಪ್ಪು ಹಾರಿ ಚೀಲದೊಳಗೆ ಬಿದ್ದು, ಟೆಂಡರಿನಲ್ಲಿ ಮಾರಾಟವಾಗಿ, ಪಕ್ಕದ ರಾಜ್ಯದ ಖಾರದಪುಡಿ ಗಿರಣಿಯಿಂದ ‘ರೋಗಿಯ ಸ್ಥಿತಿ ಚಿಂತಾಜನಕ’ ಎಂದು ಸಂದೇಶ ಕಳಿಸಿತು.

ಸಂದೇಶ ಬಂದದ್ದು ಊರ ಹೊರಗಿನ ಹಳೆಯ ಕೋಲ್ಡ್ ಸ್ಟೋರೇಜ್ ಕಟ್ಟಡಕ್ಕೆ. ಅದರ ಬೋರ್ಡಿನ ಮೇಲೆ ಉದ್ದನೆಯ ಸಂಸ್ಕೃತ ಹೆಸರಿತ್ತು, ಊರವರು ಮೂಗಿನ ದವಾಖಾನಿ ಎನ್ನುತ್ತಿದ್ದರು. ಮುಖ್ಯಸ್ಥೆ ಸವಣೂರಿನ ಡಾ. ಶಮೀಮ್ ಕಿತ್ತೂರ. ಪರದೆಗಳ ಮುಂದೆ ಕೂರುವವನು ಮಳವಳ್ಳಿಯ ಕಡೆಯ ಚೆಲುವರಾಜು. ಮೆಣಸಿನಕಾಯಿಯೆಂದರೆ ಸಾರಿಗೆ ಹಾಕುವ ವಸ್ತು ಎಂದಷ್ಟೇ ತಿಳಿದು ಅವನು ಈ ಕೆಲಸಕ್ಕೆ ಸೇರಿದ್ದ.

“ಮೇಡಂ, ಒಸಿ ಬನ್ನಿ ಇಲ್ಲಿ,” ಎಂದು ಮೊದಲ ವಾರವೇ ಅವನು ಕೂಗಿದ. “ಇಡೀ ಊರೇ ಕೆಂಪಾಗೋಗದೆ. ಒಂದೇ ಒಂದು ಹಸ್ರು ಕಾಣ್ತಾ ಅದೆ.”

“ಯಾರದದು?”

“ನಂದೇಯ. ಮೊನ್ನೆ ಬಂದೋನಲ್ವಾ. ಇನ್ನೊಂದೆರಡು ದಿನ, ನಂದೂ ಹೋಯ್ತದೆ.”

ಹೋಯಿತು.

*

ಶಮೀಮ್ ಬಾಡಿಗೆಗಿದ್ದದ್ದು ದಲಾಲ ತಿಪ್ಪಣ್ಣ ಮುಳಗುಂದರ ಮನೆಯ ಮಹಡಿಯಲ್ಲಿ. ತಿಪ್ಪಣ್ಣನವರು ಬಜಾರದಲ್ಲಿ ದೊಡ್ಡ ಹೆಸರು. ಒಂದು ಕಾಯಿ ಮುರಿದು ಮೂಗಿಗೆ ಹಿಡಿದರೆಂದರೆ, ಯಾವ ಹೊಲದ್ದು, ಯಾವ ಮಳೆಗೆ ನೆನೆದದ್ದು ಎಂದು ಹೇಳುತ್ತಾರೆಂಬ ಪ್ರತೀತಿ. ಅವರ ಹೆಂಡತಿ ಸಾವಂತ್ರೆವ್ವ ಮೂಗುತಿಯನ್ನು ಮೊದಲ ದಿನವೇ ಹಾಕಿಸಿಕೊಂಡಿದ್ದರು. ಗಂಡನಿಗೆ ಹಾಕಿಸುವ ಹಟ ಎರಡನೆಯ ದಿನ ಶುರುವಾಯಿತು.

“ಗಂಡಸಾಗಿ ಮೂಗುತಿ ಇಟ್ಕೊಂಡು ಟೆಂಡರಿಗೆ ನಿಂದರ್ಲಾ?” ಎಂದರು ತಿಪ್ಪಣ್ಣ, ರೊಟ್ಟಿ ಮುರಿಯುತ್ತ. “ಬಾಜೂ ಅಂಗಡಿ ಬಸಲಿಂಗಪ್ಪ ನನ್ನ ಅರಿಷಿಣ ಕುಂಕುಮಕ್ಕ ಕರದಾನು.”

“ಕರದ್ರ ಹೋಗಿ ಬರ್ರಿ. ಉಡಿ ತುಂಬತಾನ,” ಎಂದರು ಸಾವಂತ್ರೆವ್ವ. “ನಿಮಗ ಹೊಸದಾಗಿ ಚುಚ್ಚೂದರ ಏನೈತಿ? ನಿಮ್ಮವ್ವ ಚುಚ್ಚಿಸಿದ ತೂತ ಐತೆಲ್ಲ.”

ರೊಟ್ಟಿ ಮುರಿಯುವ ಕೈ ನಿಂತಿತು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಶಮೀಮ್ ತಲೆಯೆತ್ತಿ ನೋಡಿದಳು. ತಿಪ್ಪಣ್ಣನವರ ಮೂಗಿನ ಬಲ ಹೊರಳೆಯ ಮೇಲೆ, ಗಮನಿಸಿದರೆ ಮಾತ್ರ ಕಾಣುವ ಒಂದು ಚುಕ್ಕೆ.

ತಿಪ್ಪಣ್ಣನವರಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳು ತೊಟ್ಟಿಲಲ್ಲೇ ತೀರಿಕೊಂಡಿದ್ದವು. ನಾಲ್ಕನೆಯದು ಹುಟ್ಟಿದಾಗ ತಾಯಿ ಅದನ್ನು ತಿಪ್ಪೆಯ ಮೇಲೆ ಹೊರಳಿಸಿ, ತಿಪ್ಪಣ್ಣ ಎಂದು ಹೆಸರಿಟ್ಟು, ಮೂಗು ಚುಚ್ಚಿಸಿದಳು. ಇದು ಕಸ, ಅಲ್ಲದಿದ್ದರೆ ಹೆಣ್ಣು, ಹೇಗೂ ಒಯ್ಯುವಷ್ಟು ಬೆಲೆಯದಲ್ಲ ಎಂದು ಯಮ ಮುಂದೆ ಹೋಗಲಿ ಎಂಬುದು ಲೆಕ್ಕ. ಬೆಲೆ ಕಟ್ಟಿದ್ದು ಯಮನಲ್ಲ, ಊರಿನವರು ಎಂಬುದು ಬೇರೆ ಮಾತು. ಏನೇ ಇರಲಿ, ಯಮ ಮುಂದೆ ಹೋದ. ಸಾಲೆಯ ಹುಡುಗರು ಮಾತ್ರ ಹೋಗದೆ ನಿಂತು ‘ಮೂಗ್ತಿ ತಿಪ್ಪವ್ವ’ ಎಂದು ಕರೆದರು. ಹತ್ತು ವರ್ಷದವನಿದ್ದಾಗ ತಿಪ್ಪಣ್ಣ ಮೂಗುತಿಯನ್ನು ಕಿತ್ತು ಬಾವಿಗೆ ಎಸೆದಿದ್ದರು.

“ಅದು ಮುಚ್ಚಿ ಹೋಗೇತಿ,” ಎಂದರು ಈಗ.

“ಬಂಗಾರ ಮಾಡೂ ಪತ್ತಾರ ಮೌನೇಶಪ್ಪನ ಕಡೆ ಹೋದ್ರ ಒಂದ ಗಳಿಗಿ ಕೆಲಸ. ಇದ್ದ ದಾರಿ, ಹೊಸದಾಗಿ ಕಡಿಯೂದಿಲ್ಲ.” ಸಾವಂತ್ರೆವ್ವ ಎರಡನೆಯ ರೊಟ್ಟಿ ಹಾಕಿದರು. “ನಿಮ್ಮವ್ವ ಯಮನ ಕಣ್ಣಾಗ ಒಂದ ಸಲ ಮಣ್ಣ ಹಾಕಿದ್ಲು. ಇನ್ನೊಂದ ಸಲ ನಾ ಹಾಕ್ತೇನಿ. ಸುಮ್ಕ ಕುಂದರ್ರಿ.”

ತಿಪ್ಪಣ್ಣನವರು ಕಪ್ಪು ಹರಳನ್ನು ಆರಿಸಿಕೊಂಡರು, ದೂರಕ್ಕೆ ಮಚ್ಚೆಯಂತೆ ಕಾಣಲಿ ಎಂದು. “ಏ ತಿಪ್ಪಣ್ಣಾ, ಮೂಗಿನ ಮ್ಯಾಲ ನೊಣ ಕುಂತೈತಲ್ಲೋ, ಹೊಡಿಲೇನು?” ಎಂದು ಬಸಲಿಂಗಪ್ಪ ಬಜಾರಕ್ಕೆಲ್ಲ ಕೇಳುವಂತೆ ಕೂಗಿದರು. ಮುಂದಿನ ವಾರ ಅವರೇ ದೊಡ್ಡದೊಂದು ಹಸಿರು ಹರಳು ಹಾಕಿಸಿಕೊಂಡು ಬಂದರು. ತಿಂಗಳೊಪ್ಪತ್ತಿನಲ್ಲಿ ದಲಾಲರ ಮೂಗುಗಳು ಮದುವೆಮನೆಯ ಹೆಂಗಸರ ಮೂಗುಗಳೊಂದಿಗೆ ಪೈಪೋಟಿಗೆ ನಿಂತವು.

*

ಊರು ಕೆಂಪಾಗಿದ್ದರ ಮೊದಲ ಪೆಟ್ಟು ಬಿದ್ದದ್ದು ತೊಟ್ಟು ಬಿಡಿಸುವವರ ಮೇಲೆ. ಕೆಂಪು ದೀಪದವಳಿಗೆ ಏನಾದರೂ ಆದರೆ ತಮ್ಮ ತಲೆಗೆ ಬಂದೀತೆಂದು ಗುತ್ತಿಗೆದಾರರು ಅವರನ್ನು ಮನೆಗೆ ಕಳಿಸತೊಡಗಿದರು. ಹೆಂಗಸರು ಸೀದಾ ಮೂಗಿನ ದವಾಖಾನಿಗೆ ಬಂದರು.

“ಕೆಂಪ ಬಂತಂತ ಕೆಲಸ ಬಿಡಿಸಿದ್ರ ಉಣ್ಣೂದೇನ್ರಿ? ನಿಮ್ಮ ದೀಪಾ ಕುದಿಸಿ ಉಣ್ಣೂಣೇನು?” ಎಂದಳು ಮುಂದೆ ನಿಂತಿದ್ದವಳು.

ಅವರ ಬೆನ್ನಿಗೇ ದಲಾಲರ ಸಂಘದವರು ಬಂದರು. “ನಮ್ಮೂರಾಗ ಇದು ನಾರ್ಮಲ್ ಐತ್ರಿ ಮೇಡಂ,” ಎಂದರು ಬಸಲಿಂಗಪ್ಪ. “ಬೆಂಗಳೂರಿನ ಮೂಗಿನ ಅಳತಿ ತಂದು ನಮ್ಮ ಮೂಗಿಗೆ ಹಚ್ಚಿದ್ರ ಹೆಂಗ?”

ಯೋಜನೆಯನ್ನು ನೋಡಿಕೊಳ್ಳುವ ಮೇಲಿನ ಸಮಿತಿಗೂ ಇದು ಸರಿಕಂಡಿತು. ಎಲ್ಲರೂ ಕೆಂಪಾಗಿರುವ ಊರಿನಲ್ಲಿ ಕೆಂಪಿಗೆ ಅರ್ಥವಿಲ್ಲ, ಆದ್ದರಿಂದ ಆ ಊರಿಗೆ ಅದರದೇ ‘ಸ್ಥಳೀಯ ಸಾಮಾನ್ಯ ಮಟ್ಟ’ ಇರಲಿ ಎಂದು ಅವರು ಸೂಚಿಸಿದರು. ಶಮೀಮ್ ಎರಡು ದಿನ ಒದ್ದಾಡಿ ಸಹಿ ಹಾಕಿದಳು. ಗುಂಡಿಯೊಂದನ್ನು ಒತ್ತಿದ ಕೂಡಲೇ ಊರು ಹಸಿರಾಯಿತು. ಸಂಘದವರು ಧಾರವಾಡ ಪೇಢೆ ಹಂಚಿದರು.

“ಥರ್ಮಾಮೀಟ್ರು ತಿದ್ದುದ್ರೆ ಜರ ಬಿಟ್ಟೋಯ್ತದಾ ಮೇಡಂ?” ಎಂದ ಚೆಲುವರಾಜು, ಪೇಢೆ ಕೈಯಲ್ಲಿ ಹಿಡಿದು.

“ಗೊತ್ತೈತಿ ಚೆಲುವರಾಜು. ತಿನ್ನು.”

ಅವನು ತಿಂದ. ಆಕೆ ತಿನ್ನಲಿಲ್ಲ.

ಎರಡು ತಿಂಗಳ ಬಳಿಕ ಒಂದು ಗುರುವಾರ, ಟೆಂಡರಿನ ಗದ್ದಲದ ನಡುವೆ, ದರ ಒತ್ತಲು ಕೈಯೆತ್ತಿದ ಬಸಲಿಂಗಪ್ಪನವರ ಕೈ ಹಾಗೇ ಕೆಳಗೆ ಬಿತ್ತು. ಆಮೇಲೆ ಬಾಯಿ ಸೊಟ್ಟಗಾಯಿತು. ಆಮೇಲೆ ಅವರೇ ಚೀಲಗಳ ಮೇಲೆ ಒರಗಿದರು. ಲಕ್ವಾ. ಜೀವ ಉಳಿಯಿತು, ಬಲಗೈ ಮತ್ತು ಮಾತು ಹೋದವು. ಅವರನ್ನು ಎತ್ತಿ ಮಲಗಿಸಿದ ತಿಪ್ಪಣ್ಣನವರು ಕೆಳಗೆ ಬಿದ್ದಿದ್ದ ಗೆಳೆಯನ ಫೋನನ್ನು ಒರೆಸಿ ನೋಡಿದರು. ದೀಪ ಹಸಿರಾಗಿತ್ತು.

ಶಮೀಮ್ ಅಂದಿನಿಂದ ಬಸಲಿಂಗಪ್ಪನವರ ಅಂಕಿಗಳನ್ನೇ ಮುಂದಿಟ್ಟುಕೊಂಡು ಕೂತಳು. ವಯಸ್ಸಿನ ಪ್ರಕಾರ ಜೋಡಿಸಿದಳು, ರಕ್ತದೊತ್ತಡದ ಪ್ರಕಾರ ಜೋಡಿಸಿದಳು, ಕೆಲಸದ ಪ್ರಕಾರ ಜೋಡಿಸಿದಳು. ಬಜಾರದ ದಿನ ಎಲ್ಲರ ಗೆರೆಯೂ ಒಂದೇ ಎತ್ತರಕ್ಕೆ ಏರುತ್ತಿತ್ತು. ಅಪಾಯದಲ್ಲಿದ್ದವರು, ಇಲ್ಲದವರು ಎಂಬ ಭೇದ ಇರಲಿಲ್ಲ. ಉರಿಯುವ ಊರಿನಲ್ಲಿ ಯಾರ ಮನೆಗೆ ಬೆಂಕಿ ಬಿದ್ದಿದೆ ಎಂದು ಹೊಗೆ ನೋಡಿ ಹೇಳುವುದು ಹೇಗೆ? ಮಟ್ಟ ಮತ್ತೆ ಇಳಿಸಿದರೆ ಊರೆಲ್ಲ ಕೆಂಪು, ಹೆಂಗಸರ ಕೂಲಿಗೆ ಕಲ್ಲು. ಇಳಿಸದಿದ್ದರೆ ಮುಂದಿನ ಬಸಲಿಂಗಪ್ಪ ಯಾರೆಂದು ಬಿದ್ದ ಮೇಲೆಯೇ ತಿಳಿಯುವುದು.

*

ಅಮಾವಾಸ್ಯೆಗೆ ಬಜಾರ ಬಂದ್. ಭಾನುವಾರವೂ ತೊಟ್ಟು ಬಿಡಿಸುವ ಊರಿಗೆ ತಿಂಗಳಲ್ಲಿ ಅದೊಂದೇ ಬಿಡುವು. ದಲಾಲರು ಅಂಗಡಿ ತೊಳೆದು, ತಕ್ಕಡಿಗೆ ಪೂಜೆ ಮಾಡಿ, ಕಾಯಿ ಒಡೆದು ಮನೆಗೆ ಹೋಗುತ್ತಾರೆ. ಹಿಂದಿನ ದಿನವೇ ಶೆಡ್ಡುಗಳಿಗೆ ನೀರು ಹೊಡೆದಿರುವುದರಿಂದ ಗಾಳಿಯಲ್ಲಿ ಘಾಟಿರುವುದಿಲ್ಲ. ಆವತ್ತು ಊರಲ್ಲಿ ಕುಕ್ಕರಿನ ಸೀಟಿ, ಪಾರಿವಾಳದ ಗುಟುರು, ಎರಡು ಓಣಿ ಆಚೆ ಮಗುವನ್ನು ಗದರುವ ಅಜ್ಜಿಯ ದನಿ ಎಲ್ಲವೂ ಬಿಡಿಬಿಡಿಯಾಗಿ ಕೇಳುತ್ತವೆ.

ಆ ಸಲ ಅಮಾವಾಸ್ಯೆ ಭಾನುವಾರ ಬಿದ್ದಿತ್ತು. ಬೆಳಿಗ್ಗೆ ಶಮೀಮ್ ಮಹಡಿಯ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತಿದ್ದಳು. ಕೆಳಗೆ ಸಾವಂತ್ರೆವ್ವ ಮೋಟೆಬೆನ್ನೂರಿನ ತಂಗಿಯ ಮನೆಗೆಂದು ಹೊಸ ಸೀರೆಯುಟ್ಟು, ಕೈಯಲ್ಲಿ ಹೋಳಿಗೆ ಡಬ್ಬಿ ಹಿಡಿದು ಹೊಸ್ತಿಲು ದಾಟಿದರು. ಒಳಗಿಂದ ತಿಪ್ಪಣ್ಣ ಸೀನಿದರು. ಒಂದೇ ಸೀನು. ಸಾವಂತ್ರೆವ್ವ ಅಲ್ಲಿಂದಲೇ ಹೊರಳಿ ಬಂದು, ಡಬ್ಬಿ ಕೆಳಗಿಟ್ಟು, ಕಟ್ಟೆಯ ಮೇಲೆ ಕೂತುಬಿಟ್ಟರು.

“ಯಾಕ ಕಾಕಿ, ಹೊಳ್ಳಿ ಬಂದ್ರಿ?” ಶಮೀಮ್ ಮೇಲಿಂದ ಕೇಳಿದಳು.

“ಸೀನಿದ್ರಲ್ಲವಾ ಇವ್ರು. ಒಂಟಿ ಸೀನ.”

“ಬ್ಯಾಡಗ್ಯಾಗ ಸೀನ ಲೆಕ್ಕಿಲ್ಲ ಅಂತ ನೀವ ಹೇಳಿದ್ರೆಲ್ಲ?” ಶಮೀಮ್ ನಕ್ಕಳು.

“ಬಜಾರ ಇದ್ದ ದಿನ ಲೆಕ್ಕಿಲ್ಲ. ಅವತ್ತ ಸೀನೂದು ಕಾಯಿ, ಮನಷ್ಯಾ ಅಲ್ಲ.” ಸಾವಂತ್ರೆವ್ವ ಲೋಟಾದಿಂದ ಒಂದು ಗುಟುಕು ನೀರು ಕುಡಿದರು. “ಇವತ್ತ ಅಮಾಸಿ. ಊರಾಗ ಘಾಟ ಇಲ್ಲ, ಯಾರೂ ಸೀನವಲ್ರು. ಇವತ್ತ ಸೀನಿದ್ರ ಅದು ಅಂವಂದ ಸ್ವಂತದ್ದು. ಅದು ಲೆಕ್ಕಕ್ಕ ಬರತೈತಿ.”

ಒಳಗಿಂದ ತಿಪ್ಪಣ್ಣನವರ ದನಿ: “ಏ, ಹೋಗ ನೀ. ವರ್ಷಾತು, ಅಮಾಸಿಗೊಮ್ಮೆ ನಾ ಸೀನೂದು, ನೀ ಹೊಳ್ಳಿ ಬರೂದು.”

ಶಮೀಮಳ ನಗು ಅರ್ಧಕ್ಕೇ ನಿಂತಿತು. ಚಹಾ ಮೆಟ್ಟಿಲ ಮೇಲೆಯೇ ಆರಿತು.

*

“ಅಮಾವಾಸ್ಯೆ ದಿನಗಳನ್ನಷ್ಟ ತಗಿ. ಉಳದದ್ದೆಲ್ಲ ಬಿಡು,” ಎಂದಳು ಶಮೀಮ್, ಮೂಗಿನ ದವಾಖಾನಿಗೆ ಬಂದವಳೇ.

ಚೆಲುವರಾಜು ಆಕೆಯನ್ನು ಕನಿಕರದಿಂದ ನೋಡಿದ. ಬಸಲಿಂಗಪ್ಪನವರ ಚಿಂತೆಯಲ್ಲಿ ಮೇಡಂ ಇಷ್ಟಕ್ಕೆ ಬಂದರಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು. “ನಮ್ಮೂರ್ಕಡೆ ಒಬ್ರು ಶಾಸ್ತ್ರ ಹೇಳೋರವ್ರೆ ಮೇಡಂ. ಫೋನ್ ನಂಬ್ರ ಬೇಕಾ?”

“ಬಜಾರ ಬಂದ್ ಇದ್ದ ದಿನ ಅಂತ ತಿಳ್ಕೊಳೋ ಮಾರಾಯ. ಘಾಟ ಇಲ್ಲದ ದಿನ.”

ಅವನ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ ಬಹಳ ಜೋರಾಗಿ ಓಡಿತು.

ಗಟ್ಟಿ ಮೂಗು ಖಾರಕ್ಕೆ ಸಿಟ್ಟಾಗುತ್ತದೆ, ಖಾರ ಹೋದರೆ ತಣ್ಣಗಾಗುತ್ತದೆ. ಒಳಗೇ ಕೆಂಡ ಇಟ್ಟುಕೊಂಡ ಮೂಗಿಗೆ ಹೊರಗಿನ ಖಾರದ ಹಂಗಿಲ್ಲ. ಅದು ಅಮಾವಾಸ್ಯೆಯ ದಿನವೂ ಉರಿಯುತ್ತಿರುತ್ತದೆ. ಮೂಗುತಿ ಇಷ್ಟು ದಿನ ಎಷ್ಟು ಎತ್ತರಕ್ಕೆ ಏರಿತು ಎಂದು ಕೇಳುತ್ತಿತ್ತು. ಕೇಳಬೇಕಾಗಿದ್ದದ್ದು, ಇಳಿಯಿತೇ ಎಂದು.

ಊರಿನ ನಕ್ಷೆ ಪರದೆಯ ಮೇಲೆ ಮತ್ತೆ ಮೂಡಿತು. ಓಣಿಯಿಂದ ಓಣಿಗೆ ಕೆಂಪು ಆರುತ್ತ ಬಂತು. ತೊಟ್ಟು ಬಿಡಿಸುವವರ ಓಣಿಗಳು ನಿಧಾನವಾಗಿ, ಒಲ್ಲದ ಮನಸ್ಸಿನಿಂದ ಆರಿದವು. ಅದನ್ನು ಶಮೀಮ್ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು. ಕೊನೆಗೆ ಬೆರಳಲ್ಲಿ ಎಣಿಸುವಷ್ಟು ಚುಕ್ಕೆಗಳು ಮಾತ್ರ ಉಳಿದವು. ಒಂದು ಬಸಲಿಂಗಪ್ಪನವರದು. ಲಕ್ವಾ ಹೊಡೆಯುವ ಮೊದಲಿನ ಪ್ರತಿ ಅಮಾವಾಸ್ಯೆಯಲ್ಲೂ ಅದು ಹಿಂದಿನದಕ್ಕಿಂತ ಕೆಂಪಾಗಿತ್ತು. ಯಂತ್ರ ಹೇಳುತ್ತಲೇ ಬಂದಿತ್ತು. ಹೇಳಿದ್ದರ ಮೇಲೆ ಆಕೆಯ ಸಹಿ ಕೂತಿತ್ತು.

“ಮೇಡಂ,” ಚೆಲುವರಾಜು ಇನ್ನೊಂದು ಚುಕ್ಕೆಯ ಮೇಲೆ ಬೆರಳಿಟ್ಟ. ಅದು ಬಸಲಿಂಗಪ್ಪನವರಿಗಿಂತಲೂ ಮೇಲೆ ಹೋಗಿತ್ತು. “ಇದು ನೀವಿರೋ ಮನೆ ಅಲ್ವಾ?”

ಶಮೀಮ್ ಹುಬ್ಬಳ್ಳಿಯ ಆಸ್ಪತ್ರೆಗೆ ಫೋನು ಮಾಡಿ ಕೆಂಪು ಉಳಿದ ಎಲ್ಲರಿಗೂ ಸ್ಕ್ಯಾನಿಗೆ ಹೊತ್ತು ಗೊತ್ತುಮಾಡಿದಳು. ಉಳಿದವರೆಲ್ಲ ಒಪ್ಪಿದರು. ತಿಪ್ಪಣ್ಣ ಒಪ್ಪಲಿಲ್ಲ.

“ನಾಳಿಗೆ ಸೋಮಾರ. ಹೊಸ ಕಾಯಿ ಬರೂ ಹೊತ್ತು. ನಾ ಎಲ್ಲಿ ಹೋಗ್ಲಿ?” ಎಂದರು. “ಅದೂ ಅಲ್ದ ಒಂದ ಮಾತ ಹೇಳವಾ ಡಾಕ್ಟರವ್ವಾ. ಬಸಲಿಂಗಗ ಹಸರ ಇದ್ದಾಗ ಹೊಡೀತು. ನನಗ ಈಗ ಕೆಂಪ ಅಂತಿ. ಹಸರ ಸುಳ್ಳಾಗಿದ್ರ ಕೆಂಪ ಯಾಕ ಖರೇ ಆಗಬೇಕು? ನಿನ್ನ ಮಷೀನ ಗ್ವಾಸುಂಬಿ ಏನು, ಬೇಕಾದಾಗ ಬಣ್ಣಾ ಬದಲ ಮಾಡಾಕ?”

“ಹಸರ ನನ್ನ ತಪ್ಪು ಕಾಕಾ,” ಎಂದಳು ಶಮೀಮ್. “ಬಸಲಿಂಗಪ್ಪ ಕಾಕಾರ ಮುಂದ ಹೋಗಿ ನಿಂದರಾಕ ನನಗ ಇನ್ನಾ ಧೈರ್ಯ ಬಂದಿಲ್ಲ. ನಿಮ್ಮ ವಿಷಯದಾಗ ಹಂಗಾಗೂದು ಬ್ಯಾಡ.”

ತಿಪ್ಪಣ್ಣ ಮುಖ ಆಚೆ ತಿರುಗಿಸಿದರು. ಸಾವಂತ್ರೆವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. “ಖರೇ ಕಾರಣ ಅದಲ್ಲ, ಶಮೀಮವ್ವಾ. ಇವ್ರ ಮೂಗು ಹೋಗಿ ಎರಡ ವರ್ಷಾತು. ಹಾಲ ಹೊತ್ತಿ ಮನೀತುಂಬ ಹೊಗೆ ಆದ್ರೂ ಗೊತ್ತಾಗೂದಿಲ್ಲ. ದವಾಖಾನಿಗೆ ಹೋದ್ರ ಅದು ಬಜಾರಕ್ಕೆಲ್ಲ ತಿಳೀತೈತಿ, ಅದಕ್ಕ ಅಂಜಿಕಿ.”

ಎರಡು ವರ್ಷಗಳಿಂದ ತಿಪ್ಪಣ್ಣನವರು ಕಾಯಿಯನ್ನು ಮುರಿದು ಮೂಗಿಗೆ ಹಿಡಿದು, ಕಣ್ಣು ಅರೆಮುಚ್ಚಿ, ಆ ಅರೆಗಣ್ಣಿನಿಂದ ಕೊಳ್ಳುವವನ ಮುಖ ನೋಡಿ ದರ್ಜೆ ಹೇಳುತ್ತಿದ್ದರು. ಒಮ್ಮೆಯೂ ತಪ್ಪಿರಲಿಲ್ಲ.

“ಮೂಗಿಲ್ಲದ ದಲಾಲನ ಅಂಗಡಿಗೆ ಯಾರ ಬರ್ತಾರವಾ?” ಎಂದರು ಅವರು, ಗೋಡೆಗೆ ಹೇಳುವಂತೆ. ಎದ್ದು ಒಳಗೆ ಹೋದರು.

*

ಸೋಮವಾರ ಬೆಳಿಗ್ಗೆ ತಿಪ್ಪಣ್ಣ ಧೋತರ ಉಟ್ಟು, ಬಿಳಿ ಟೋಪಿ ಇಟ್ಟುಕೊಂಡು ಹೊರಟರು. ಕಟ್ಟೆಯ ಮೇಲೆ ಶಮೀಮ್ ನಿಂತಿದ್ದಳು. ಅವರೊಂದಿಗೆ ಕೊನೆಯ ಸಲ ಜಗಳವಾಡಲೆಂದು ದವಾಖಾನಿಯ ವ್ಯಾನನ್ನು ಬಾಗಿಲಿಗೆ ತರಿಸಿದ್ದಳು. ಅವರು ಆಕೆಯ ಕಡೆ ನೋಡದೆ ಹೊಸ್ತಿಲಿಗೆ ಕಾಲಿಟ್ಟರು.

ಅಡುಗೆಮನೆಯಲ್ಲಿ ಸಾವಂತ್ರೆವ್ವ ಸೀನಿದರು. ಒಂದೇ ಸೀನು.

“ಇವತ್ತ ಬಜಾರ ಐತಿ,” ಎಂದರು ತಿಪ್ಪಣ್ಣ, ಕಾಲು ಹಿಂತೆಗೆಯದೆ. “ಲೆಕ್ಕಿಲ್ಲ.”

“ಬಜಾರದ ಗಂಟಿ ಇನ್ನಾ ಬಡದಿಲ್ಲ,” ಒಳಗಿಂದ ದನಿ ಬಂತು. “ಗಂಟಿ ಬಡಿಯೂತನಕಾ ಅಮಾಸಿನ.”

ತಿಪ್ಪಣ್ಣನವರು ನಲವತ್ತು ವರ್ಷ ವ್ಯಾಪಾರದಲ್ಲಿ ನಿಯಮ, ಉಪನಿಯಮಗಳ ಮೇಲೆ ಬದುಕಿದವರು. ಈ ವಾದದಲ್ಲಿ ಎಲ್ಲೋ ತಪ್ಪಿದೆ ಎಂದು ಅವರಿಗೆ ಅನಿಸಿತು. ಎಲ್ಲಿ ಎಂದು ಸಿಗಲಿಲ್ಲ. ಆ ಸೀನು ತಾನಾಗಿ ಬಂದದ್ದೋ ತಂದದ್ದೋ ಎಂದು ಸಾವಂತ್ರೆವ್ವ ಇವತ್ತಿಗೂ ಹೇಳಿಲ್ಲ. ಖಾರದಪುಡಿಯ ಡಬ್ಬಿಯ ಮುಚ್ಚಳ ಆ ಹೊತ್ತು ತೆರೆದಿತ್ತು ಎಂಬುದಷ್ಟೇ ಗೊತ್ತು. ತಿಪ್ಪಣ್ಣ ಗೊಣಗುತ್ತ ಹೊಳ್ಳಿ ಬಂದು ಪಡಸಾಲೆಯಲ್ಲಿ ಕೂತರು. ಸಾವಂತ್ರೆವ್ವ ನೀರಿನ ತಂಬಿಗೆ ತಂದುಕೊಟ್ಟರು.

ಅವರು ಕುಡಿದರು. ನೀರು ಬಾಯಿಯ ಎಡ ಮೂಲೆಯಿಂದ ಇಳಿದು, ಗದ್ದದಿಂದ ಅಂಗಿಯ ಮೇಲೆ ತೊಟ್ಟಿಕ್ಕಿತು. ಅವರಿಗೆ ಅದು ತಿಳಿಯಲಿಲ್ಲ. ಇನ್ನೊಂದು ಗುಟುಕು ಕುಡಿದರು. ಅದೂ ಇಳಿಯಿತು.

“ಕಾಕಾ,” ಶಮೀಮ್ ಮುಂದೆ ಬಂದು ಮೊಣಕಾಲೂರಿ ಕೂತಳು. “ಸ್ವಲ್ಪ ನಗರಿ ನೋಡೂಣು.”

“ನಗಾಕ ಏನಾ...ತು?” ನಾಲಿಗೆ ಮಾತನ್ನು ಎಳೆಯಿತು. ಬಲಗೆನ್ನೆ ನಕ್ಕಿತು. ಎಡಗೆನ್ನೆ ಸುಮ್ಮನಿತ್ತು.

“ಎರಡೂ ಕೈ ಎತ್ತರಿ.”

ಬಲಗೈ ನಿಂತಿತು. ಎಡಗೈ ಸ್ವಲ್ಪ ಎದ್ದು, ದಣಿದವರ ಹಾಗೆ ಮೆಲ್ಲನೆ ಕೆಳಗಿಳಿಯಿತು. ತಿಪ್ಪಣ್ಣ ಅದನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿದರು. ತಂಬಿಗೆ ಉರುಳಿ ನೀರೆಲ್ಲ ಚೆಲ್ಲಿತು. ಸಾವಂತ್ರೆವ್ವ ಗಂಡನ ಬಲ ತೋಳಿಗೆ ಹೆಗಲು ಕೊಟ್ಟರು.

ಹುಬ್ಬಳ್ಳಿಗೆ ಹೊರಟ ವ್ಯಾನು ಹಾವೇರಿ ದಾಟುವ ಹೊತ್ತಿಗೆ ಎಡಗೈ ಮತ್ತೆ ಎದ್ದಿತು. ಮಾತು ಸರಿಯಾಯಿತು. ತಿಪ್ಪಣ್ಣ ಬೆರಳುಗಳನ್ನು ಮಡಿಸಿ ಬಿಚ್ಚಿ ನೋಡಿಕೊಂಡರು.

“ನೋಡವಾ, ಎಲ್ಲಾ ನೆಟ್ಟಗಾತು. ಸುಮ್ನ ಜೋಮ ಹಿಡಿದಿತ್ತು. ಹೊಳ್ಳಸ ಗಾಡಿ, ಟೆಂಡರಿಗರ ಹೋಗ್ತೇನಿ.”

“ಯಾರಿಗ ಹೇಳ್ತೀರಿ?” ಎಂದರು ಸಾವಂತ್ರೆವ್ವ. “ಗಾಡಿಗೆ ಡ್ರೈವರ ಇಲ್ಲ.”

ತಿಪ್ಪಣ್ಣ ಮುಂದಿನ ಖಾಲಿ ಸೀಟನ್ನು ಬಹಳ ಹೊತ್ತು ನೋಡಿದರು. ಚೌಕಾಸಿಗೆ ಮುಖವೇ ಇಲ್ಲದ ಎದುರಾಳಿ ಅವರಿಗೆ ಇದೇ ಮೊದಲು.

ಸ್ಕ್ಯಾನಿನಲ್ಲಿ ಹೆಪ್ಪು ಸಿಕ್ಕಿತು. ತಲೆಬುರುಡೆಯ ತಳದಲ್ಲಿ, ಹಿಂದಿನ ಕೋಣೆಯ ತೆಳುಗೋಡೆಯ ಆಚೆ, ನಾಳದ ಒಳಮೈಗೆ ಅಂಟಿಕೊಂಡು ಕೂತಿತ್ತು. ಅದರ ಒಂದು ಪುಡಿ ಮಾತ್ರ ಬೆಳಿಗ್ಗೆ ಉದುರಿ, ಮಿದುಳಿನಲ್ಲಿ ಸ್ವಲ್ಪ ಹೊತ್ತು ಅಡ್ಡನಿಂತು, ಕರಗಿತ್ತು. ಉಳಿದದ್ದು ಉದುರಿದ್ದರೆ ಕರಗುವಷ್ಟು ಸಣ್ಣದಾಗಿರಲಿಲ್ಲ ಎಂದರು ಅಲ್ಲಿಯ ವೈದ್ಯರು. ಬಸಲಿಂಗಪ್ಪನವರಂತೆ ಟೆಂಡರಿನ ಗದ್ದಲದಲ್ಲಿ ಬೀಳಬೇಕಾಗಿದ್ದವರು ಬೀಳುವ ಮೊದಲೇ ಮಂಚದ ಮೇಲಿದ್ದರು. ಹೆಪ್ಪು ಔಷಧಿಗೆ ಸೋತಿತು. ಕೆಲವು ವಾರಗಳ ಬಳಿಕ, ವೈದ್ಯರು ಮೂಗಿನ ಮೂಲಕವೇ ಸಣ್ಣ ನಳಿಗೆ ಇಳಿಸಿ, ವರ್ಷಗಟ್ಟಲೆ ಮುಚ್ಚಿದ್ದ ಕೋಣೆಗಳ ಬಾಗಿಲು ತೆರೆದು ಚೊಕ್ಕಟ ಮಾಡಿದರು.

*

ಶಮೀಮ್ ಬರೆದ ವರದಿಯಲ್ಲಿ ಅಮಾವಾಸ್ಯೆ ಎಂಬ ಪದ ಮೊದಲ ವಾಕ್ಯದಲ್ಲೇ ಇತ್ತು. ಸಮಿತಿ ಅದನ್ನು ತೆಗೆದು, ವಿಧಾನಕ್ಕೆ ಯಾರ ನಾಲಿಗೆಗೂ ಒಗ್ಗದ ಒಂದು ಹೆಸರಿಟ್ಟು, ಉಳಿದ ಮೆಣಸಿನಕಾಯಿ ಊರುಗಳಿಗೆ, ಹತ್ತಿ ಗಿರಣಿಗಳಿಗೆ, ಸಿಮೆಂಟ್ ಕಾರ್ಖಾನೆಗಳ ಊರುಗಳಿಗೆ ಕಳಿಸಿತು. ಚೆಲುವರಾಜು ಮಾತ್ರ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗಳಿಗೆ ಗುರುತು ಹಾಕಿಟ್ಟುಕೊಂಡು, ಆ ದಿನ ರಜೆ ಕೇಳುವುದನ್ನು ಬಿಟ್ಟ.

ನಿಧಾನವಾಗಿ ಆರಿದ್ದ ಓಣಿಗಳನ್ನು ಶಮೀಮ್ ಮರೆತಿರಲಿಲ್ಲ. ತೊಟ್ಟು ಬಿಡಿಸುವ ಹೆಂಗಸರ ಮೂಗು ಇವತ್ತು ಇಳಿಯುತ್ತಿದೆ, ಇದೇ ಶೆಡ್ಡಿನಲ್ಲಿ ಇನ್ನು ಕೆಲವು ವರ್ಷ ಕೂತರೆ ಇಳಿಯಲಿಕ್ಕಿಲ್ಲ ಎಂಬುದನ್ನು ಆಕೆ ದಲಾಲರ ಸಂಘದ ಮುಂದೆ ನಕ್ಷೆ ಹಿಡಿದು ಹೇಳಿದಳು. ನಮ್ಮೂರಲ್ಲಿ ಇದು ನಾರ್ಮಲ್ ಎಂದು ಈ ಸಲ ಯಾರೂ ಅನ್ನಲಿಲ್ಲ. ಅನ್ನುತ್ತಿದ್ದವರ ಕುರ್ಚಿ ಖಾಲಿ ಇತ್ತು. ಶೆಡ್ಡುಗಳಿಗೆ ಘಾಟು ಹೀರುವ ದೊಡ್ಡ ಫ್ಯಾನುಗಳು ಬಂದವು. ಫ್ಯಾನಿನ ಸದ್ದಿಗೆ ಪರಸ್ಪರರ ಮನೆ ಸುದ್ದಿ ಕೇಳುವುದಿಲ್ಲ ಎಂದು ಹೆಂಗಸರು ದೂರು ಕೊಟ್ಟರು. ಸದ್ದು ಕಡಿಮೆ ಮಾಡಿಸಿದರು.

ಶಮೀಮ್ ಕೊನೆಗೆ ಬಸಲಿಂಗಪ್ಪನವರ ಮನೆಗೂ ಹೋದಳು, ತಿಪ್ಪಣ್ಣನವರ ಜೊತೆ. ಹೇಳಬೇಕೆಂದುಕೊಂಡದ್ದನ್ನು ತಲೆ ತಗ್ಗಿಸಿ ಹೇಳಿದಳು. ಬಸಲಿಂಗಪ್ಪ ಮಲಗಿದಲ್ಲಿಂದಲೇ ಎಡಗೈಯಿಂದ ಆಕೆಯ ತಲೆ ಮುಟ್ಟಿದರು. ತಿಂಗಳುಗಟ್ಟಲೆ ಮಾತು ಕಲಿಯುತ್ತಿದ್ದ ಆ ಬಾಯಿ ಆಮೇಲೆ ತಿಪ್ಪಣ್ಣನವರ ಕಡೆ ಹೊರಳಿ, ಬಹಳ ಕಷ್ಟಪಟ್ಟು ಒಂದು ಪೂರ್ತಿ ವಾಕ್ಯ ಕಟ್ಟಿತು.

“ನೊಣ... ಇನ್ನಾ... ಕುಂತೈತಿ.”

ತಿಪ್ಪಣ್ಣ ಟೋಪಿಯಿಂದ ಕಣ್ಣೊರೆಸಿಕೊಂಡರು.

ಮೂಗು ಚೊಕ್ಕಟ ಮಾಡಿಸಿಕೊಂಡು ಮನೆಗೆ ಬಂದ ಮೇಲೆ ಒಂದು ಮುಂಜಾನೆ ಅವರು ಪಡಸಾಲೆಯಲ್ಲಿ ಕೂತವರು ತಟ್ಟನೆ ತಲೆಯೆತ್ತಿದರು.

“ಏ! ಹಾಲ ಹೊತ್ತಾಕತ್ತೈತಿ ನೋಡ!”

ಸಾವಂತ್ರೆವ್ವ ಒಲೆಯ ಮುಂದೆಯೇ ನಿಂತಿದ್ದರು. ಪಾತ್ರೆಯ ತಳ ಕಪ್ಪಾಗುತ್ತಿತ್ತು. ಅವರು ಉರಿ ಆರಿಸಲಿಲ್ಲ.

“ಕಿವಿ ಕೇಳವಲ್ದೇನ? ಹಾಲ! ಹೊತ್ತೇತಿ!”

ಇನ್ನೊಮ್ಮೆ ಕೂಗಲಿ ಎಂದು ಅವರು ಕಾದರು. ಇನ್ನೊಮ್ಮೆ ಕೂಗಿದ ಮೇಲೆ ಒಲೆ ಆರಿಸಿದರು.

ಮೇಲಿನ ಸಮಿತಿಯವರು ಯೋಜನೆಯ ಫಲವನ್ನು ಪರಿಶೀಲಿಸಲು ವರ್ಷದ ಕೊನೆಗೆ ಬಂದಾಗ, ತಿಪ್ಪಣ್ಣ ಮುಳಗುಂದ ಎಂಬ ಹೆಸರಿಗೆ ಬೆರಳಿಟ್ಟು, ಇವರಿಗೆ ಕೊನೆಗೆ ಏನಾಯಿತು ಎಂದು ವಿಚಾರಿಸಿದರು. ಶಮೀಮ್ ಆಗಿದ್ದನ್ನು ಹೇಳಿದಳು.

ತಿಪ್ಪಣ್ಣನವರಿಗೆ ಲಕ್ವಾ ಹೊಡೆಯಲಿಲ್ಲ.